ಟ್ರಂಕಿನಲ್ಲಿ ಸಿಕ್ಕ ಅಜ್ಜನ ವಾಚು: ಅದು ಯಾವುದು, ಯಾಕೆ ನಿಂತಿದೆ ಎಂದು ಪತ್ತೆ ಮಾಡುವ ಬಗೆ

ದಾವಣಗೆರೆಯ ನಮ್ಮ ಹಳೇ ಮನೆ ಕೆಡವುವ ಮೊದಲು ಅಟ್ಟ ಖಾಲಿ ಮಾಡುತ್ತಿದ್ದೆವು. ಅಜ್ಜನ ಕಬ್ಬಿಣದ ಟ್ರಂಕಿನಲ್ಲಿ ಹೊಲದ ಕಾಗದ, ಲಗ್ನಪತ್ರಿಕೆ, ಮಿಲ್ಲಿನ ಸಂಬಳದ ಚೀಟಿಗಳ ಕಟ್ಟು. ಎಲ್ಲದರ ಕೆಳಗೆ ಒಂದು ನಶ್ಯದ ಡಬ್ಬಿ. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಕೈಗಡಿಯಾರ. ಬೆಲ್ಟ್ ಇರಲಿಲ್ಲ. ಗಾಜು ಹಳದಿಗೆ ತಿರುಗಿತ್ತು. ಡಯಲ್ ತುಂಬ ಕಂದು ಕಲೆ. ಹೆಸರು ಇರಬೇಕಾದ ಜಾಗದಲ್ಲಿ ಏನೂ ಓದಲು ಬರುತ್ತಿರಲಿಲ್ಲ.

"ಇದು ಸ್ವಿಸ್ ವಾಚು. ಅಪ್ಪಾಜಿ ಮದುವೇಲಿ ಹೆಣ್ಣಿನ ಕಡೆಯವರು ಕೊಟ್ಟಿದ್ದು" ಎಂದರು ದೊಡ್ಡಪ್ಪ. ಅಷ್ಟರಲ್ಲಿ ನನ್ನ ತಮ್ಮ ಕೀ ಕೊಡಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ.

ಮುಂದಿನ ಮೂರು ತಿಂಗಳಲ್ಲಿ ಆ ವಾಚು ಒಂದಾದ ಮೇಲೆ ಒಂದು ದೋಷ ತೋರಿಸಿತು. ಒಂದರಲ್ಲಿ ನಾನು ಪೂರ್ತಿ ತಪ್ಪು ದಾರಿ ಹಿಡಿದೆ. ಆಗ ಬರೆದಿಟ್ಟುಕೊಂಡಿದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದ್ದೊಂದು ಸಿಕ್ಕರೆ ನೆನಪಿಡಬೇಕಾದ ಮಾತು ಒಂದೇ. ವಾಚು ಯಾವುದು ಎಂಬುದೂ, ಯಾಕೆ ನಿಂತಿದೆ ಎಂಬುದೂ ಬಹುತೇಕ ಹಿಂದಿನ ಮುಚ್ಚಳದ ಒಳಗೆ ಗೊತ್ತಾಗುತ್ತವೆ. ಡಯಲ್ ಮೇಲಿನ ಹೆಸರು, ಮನೆಯವರ ನೆನಪು ಎರಡನ್ನೂ ಕೇಳಿಸಿಕೊಳ್ಳಿ. ತೀರ್ಮಾನ ಮಾತ್ರ ಮೆಷಿನ್ ನೋಡಿದ ಮೇಲೆ ಮಾಡಿ.

ಸಿಕ್ಕ ದಿನ ಮಾಡಬಾರದ್ದು

ಕೀ ಕೊಡಬೇಡಿ. ನಲವತ್ತು ಐವತ್ತು ವರ್ಷ ಮಲಗಿದ ವಾಚಿನಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅಂಟಿನಲ್ಲಿ ಧೂಳು ಸೇರಿ ಉಪ್ಪುಕಾಗದದ ಹಾಗೆ ಆಗಿರುತ್ತದೆ. ಒಳಗೆ ತುಕ್ಕು ಹಿಡಿದಿದ್ದರೆ ಕೀ ಕೊಟ್ಟ ಬಲಕ್ಕೆ ಚಕ್ರದ ಹಲ್ಲು ಮುರಿಯಬಹುದು. ಅಲುಗಾಡಿಸಿ ಕಿವಿಗೆ ಹಿಡಿಯುವುದೂ ಬೇಡ.

ಡಯಲ್ ಒರೆಸಬೇಡಿ. ಹಳೆಯ ಡಯಲ್ ಮೇಲಿನ ಅಕ್ಷರಗಳು ಒದ್ದೆ ಬಟ್ಟೆ ತಾಗಿದರೂ ಎದ್ದು ಬರುತ್ತವೆ. ಗುರುತು ಹಿಡಿಯಲು ಬೇಕಾದ ಒಂದೇ ಒಂದು ಅಕ್ಷರ ಅದೇ ಆಗಿರಬಹುದು. ಮೊದಲು ಹಗಲು ಬೆಳಕಿನಲ್ಲಿ, ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ನೇರ ನೋಡಿದಾಗ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಕಾಣುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಳ್ಳಿನ ಮೇಲೆ, ಅಂಕಿಗಳ ಮೇಲೆ ಕತ್ತಲಲ್ಲಿ ಹೊಳೆಯುವ ಬಣ್ಣ ಹಚ್ಚಿದ ಹಳೆಯ ವಾಚುಗಳಿವೆ. 1960ರ ದಶಕಕ್ಕಿಂತ ಮೊದಲಿನವುಗಳಲ್ಲಿ ಆ ಬಣ್ಣದಲ್ಲಿ ರೇಡಿಯಂ ಇರುವ ಸಾಧ್ಯತೆ ಜಾಸ್ತಿ. ರೇಡಿಯಂ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹೊಳೆಯುವ ಪುಡಿ ಮಾತ್ರ ಕೆಲವೇ ದಶಕಗಳಲ್ಲಿ ಸತ್ತು ಹೋಗುತ್ತದೆ. ಹಾಗಾಗಿ 'ಈಗ ಹೊಳೆಯುವುದಿಲ್ಲ, ಏನೂ ಆಗಲ್ಲ' ಎಂದುಕೊಳ್ಳಬೇಡಿ. ಡಯಲಿನ ಕೆಳಗೆ 'ಟಿ' ಎಂಬ ಇಂಗ್ಲಿಷ್ ಅಕ್ಷರ 'ಸ್ವಿಸ್' ಪಕ್ಕ ಇದ್ದರೆ ಅದು ಟ್ರಿಟಿಯಂ. ಅದರ ಅರ್ಧ ಆಯಸ್ಸು 12 ವರ್ಷ ಚಿಲ್ಲರೆ. ಅದರ ಭಯ ಕಡಿಮೆ. ಹೊಳೆಯುವ ಬಣ್ಣ ಉದುರುತ್ತಿದ್ದರೆ ಗಾಜು ಬಿಚ್ಚಬೇಡಿ, ಊದಬೇಡಿ, ಕೆರೆಯಬೇಡಿ. ಕೈ ತೊಳೆದುಕೊಳ್ಳಿ. ಮಕ್ಕಳ ಕೈಗೆ ಕೊಡಬೇಡಿ.

ಹೆಸರು ಹುಡುಕುವುದು

ನಮ್ಮ ಕಡೆ ಅಜ್ಜಂದಿರ ಪೆಟ್ಟಿಗೆಯಲ್ಲಿ ಸಿಗುವ ಹೆಸರುಗಳು ಹೆಚ್ಚುಕಡಿಮೆ ಇಷ್ಟೇ. ಬ್ರಿಟಿಷರ ಕಾಲದಿಂದ ಬಂದ ವೆಸ್ಟ್ ಎಂಡ್, ಜನರ ಬಾಯಲ್ಲಿ 'ಫೇವರ್ ಲೂಬಾ' ಆಗಿರುವ ಫಾವ್ರ್ ಲ್ಯೂಬಾ, ರೋಮರ್, ಕ್ಯಾಮಿ, ಹೆನ್ರಿ ಸ್ಯಾಂಡೋಜ್. ಆಮೇಲೆ ನಮ್ಮದೇ ಎಚ್‌ಎಂಟಿ. ಡಯಲ್ ಮೇಲೆ ಇವುಗಳಲ್ಲಿ ಒಂದು ಹೆಸರು ಚೆನ್ನಾಗಿ, ಹೊಸದರ ಹಾಗೆ ಹೊಳೆಯುತ್ತಿದ್ದರೆ ಸ್ವಲ್ಪ ಅನುಮಾನ ಇರಲಿ. ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿದು, ಬೇಕಾದ ಹೆಸರು ಅಚ್ಚು ಹಾಕುವುದು ನಮ್ಮ ದೇಶದಲ್ಲಿ ಮಾಮೂಲು. ಮನೆಯ ವಾಚನ್ನೂ ಯಾವಾಗಲೋ ರಿಪೇರಿಗೆ ಕೊಟ್ಟಾಗ ಡಯಲ್ ಬದಲಾಗಿರಬಹುದು.

ಹಿಂದಿನ ಮುಚ್ಚಳದ ಮೇಲೆ ಬರೆದದ್ದನ್ನು ಓದುವಾಗಲೂ ಜನ ಮೋಸ ಹೋಗುತ್ತಾರೆ. 'ಫಾಂ ಆಸಿಯೆ ಇನಾಕ್ಸಿದಾಬ್ಲ್' ಎಂದು ಕೆತ್ತಿದ್ದನ್ನು ಕಂಪನಿ ಹೆಸರು ಎಂದುಕೊಂಡವರನ್ನು ನೋಡಿದ್ದೇನೆ. ಅದು ಫ್ರೆಂಚ್. 'ಮುಚ್ಚಳ ಸ್ಟೇನ್‌ಲೆಸ್ ಸ್ಟೀಲಿನದು' ಎಂದಷ್ಟೇ ಅರ್ಥ. '15 ರುಬಿ' ಎಂದರೆ 15 ಜ್ಯುವೆಲ್, ಅಂದರೆ ಒಳಗಿನ ಭಾಗಗಳು ಸವೆಯದಂತೆ ಕೂರಿಸಿದ ಕೆಂಪು ಕಲ್ಲುಗಳು. ಮುಚ್ಚಳದ ಒಳಗೆ, ವಾಚಿನ ವೇಗ ಹೊಂದಿಸುವ ಪುಟ್ಟ ಕಡ್ಡಿಯ ಪಕ್ಕ 'ಎ' ಮತ್ತು 'ಆರ್' ಎಂಬ ಅಕ್ಷರ ಇದ್ದರೆ ಅದೂ ಫ್ರೆಂಚೇ. 'ಎ' ಕಡೆ ತಳ್ಳಿದರೆ ವಾಚು ಮುಂದೆ ಓಡುತ್ತದೆ, 'ಆರ್' ಕಡೆ ತಳ್ಳಿದರೆ ಹಿಂದೆ ಬೀಳುತ್ತದೆ. 'ಇನ್ಕಾಬ್ಲಾಕ್' ಎಂಬುದೂ ಕಂಪನಿ ಅಲ್ಲ. ವಾಚು ಬಿದ್ದಾಗ ಒಳಗಿನ ಚಕ್ರದ ಸೂಕ್ಷ್ಮ ಅಚ್ಚು ಮುರಿಯದಂತೆ ತಡೆಯುವ ಸ್ಪ್ರಿಂಗಿನ ಏರ್ಪಾಡು ಅದು.

ನಮಗೆ ದಾರಿ ತೋರಿಸಿದ್ದು ಇಂಥದ್ದೇ ಒಂದು ಪದ. ಡಯಲ್ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಕೆಳಗಡೆ 'ಶಾಕ್' ಎಂಬ ಬಾಲ ಮಾತ್ರ ಕಂಡಿತು. ಅದರ ಹಿಂದೆ 'ರಾ' ಇರಬಹುದು ಎನ್ನುವಂಥ ನೆರಳು. ಇನ್ಕಾಬ್ಲಾಕ್ ಬಂದಿದ್ದು ಸ್ವಿಟ್ಜರ್ಲೆಂಡಿನಿಂದ. ಡಯಾಶಾಕ್ ಎಂಬ ಇಂಥದ್ದೇ ಏರ್ಪಾಡು ಜಪಾನಿನ ಸೈಕೋ ಕಂಪನಿಯದು. ಪ್ಯಾರಾಶಾಕ್ ಜಪಾನಿನದೇ ಸಿಟಿಜನ್ ಕಂಪನಿಯದು, 1956ರಲ್ಲಿ ಬಂದದ್ದು. ನಮ್ಮದು ಪ್ಯಾರಾಶಾಕ್ ಎಂದಾದರೆ ಸ್ವಿಸ್ ಮಾತು ಅಲ್ಲಿಗೇ ಬಿತ್ತು. ಅಜ್ಜನ ಮದುವೆ ಆಗಿದ್ದು 1948ರಲ್ಲಿ. ಆಗ ಪ್ಯಾರಾಶಾಕ್ ಹುಟ್ಟೇ ಇರಲಿಲ್ಲ.

ಮುಚ್ಚಳ ತೆಗೆದಾಗ

ಮುಚ್ಚಳದಲ್ಲಿ ಮುಖ್ಯವಾಗಿ ಎರಡು ಬಗೆ. ಅಂಚಿನ ಸುತ್ತ ಚಿಕ್ಕ ಚಿಕ್ಕ ಕಚ್ಚುಗಳಿದ್ದರೆ ಅದು ತಿರುಗಿಸಿ ತೆಗೆಯುವ ಮುಚ್ಚಳ. ಚಿಕ್ಕ ರಬ್ಬರ್ ಚೆಂಡನ್ನು ಅದರ ಮೇಲೆ ಒತ್ತಿ ಎಡಕ್ಕೆ ತಿರುಗಿಸಿದರೆ ಎಷ್ಟೋ ಸಲ ಬರುತ್ತದೆ, ಗೀರೂ ಬೀಳುವುದಿಲ್ಲ. ಕಚ್ಚುಗಳಿಲ್ಲದೆ ಒಂದು ಕಡೆ ಮಾತ್ರ ಉಗುರು ಸಿಕ್ಕಿಸುವಷ್ಟು ತುಟಿ ಇದ್ದರೆ ಅದು ಒತ್ತಿ ಕೂರಿಸಿದ ಮುಚ್ಚಳ. ಅಡುಗೆಮನೆ ಚಾಕು ಬೇಡ. ಚಾಕು ಜಾರಿದರೆ ಒಳಗೆ ಆಚೆ ಈಚೆ ಆಡುವ ಬ್ಯಾಲೆನ್ಸ್ ಚಕ್ರಕ್ಕೇ ಹೋಗಿ ನಾಟುತ್ತದೆ. ಕೈ ನಡುಗುವವರು ರಿಪೇರಿಯವರ ಬಳಿ ಹೋಗಿ, 'ಸುಮ್ನೆ ಮುಚ್ಚಳ ತೆಗೆದು ತೋರಿಸಿ' ಎಂದು ಕೇಳಿ. ಬೇಡ ಎನ್ನುವವರು ಕಡಿಮೆ.

ನಮ್ಮ ವಾಚಿನ ಮುಚ್ಚಳ ತೆಗೆದಾಗ ಮೆಷಿನ್ ಮೇಲೆ ಎಚ್‌ಎಂಟಿ ಎಂದು ಕೆತ್ತಿತ್ತು, ಪಕ್ಕದಲ್ಲಿ 17 ಜ್ಯುವೆಲ್. ಮನೆಯಲ್ಲಿ ಒಂದು ಕ್ಷಣ ಮೌನ. ದೊಡ್ಡಪ್ಪನ ಮುಖ ಸಣ್ಣಗಾಯಿತು. ನನಗೆ ಮಾತ್ರ ಖುಷಿ. ಯಾಕೆಂದರೆ ಇನ್ನು ಕಾಲ ನಿಗದಿ ಮಾಡಬಹುದಿತ್ತು. ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ, ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಡಯಲ್ ಮೇಲೆ ಪ್ಯಾರಾಶಾಕ್ ಎಂಬ ಪದ ಬಂದದ್ದು ಆ ನಂಟಿನಿಂದ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರು. ಅಂದರೆ ನಮ್ಮ ವಾಚು 1961ಕ್ಕಿಂತ ಹಿಂದಿನದಲ್ಲ.

ಈ ಕಡೆಯ ಗಡಿ ಸಿಕ್ಕಿತು. ಆ ಕಡೆಯ ಗಡಿ ಸಿಕ್ಕಿದ್ದು ಮುಚ್ಚಳದ ಒಳಮೈಯಲ್ಲಿ. ಹಿಂದಿನ ಕಾಲದ ರಿಪೇರಿಯವರು ಸರ್ವಿಸ್ ಮಾಡಿದಾಗ ಮುಚ್ಚಳದ ಒಳಗೆ ಸೂಜಿಯಿಂದ ಗುರುತು ಗೀರುತ್ತಿದ್ದರು. ಬರಿಗಣ್ಣಿಗೆ ಕೂದಲು ಗೀರಿದ ಹಾಗೆ ಕಾಣುತ್ತದೆ. ಲೆನ್ಸ್ ಹಿಡಿದು, ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ. ನಮ್ಮದರಲ್ಲಿ ಮೂರು ಗೀರುಗಳಿದ್ದವು. 8-69, 2-74, ಇನ್ನೊಂದು 81. ಮೂರೂ ಬೇರೆ ಬೇರೆ ಕೈ ಬರಹ. ಅಂದರೆ 1961ಕ್ಕೂ 1969ಕ್ಕೂ ನಡುವೆ ಕೊಂಡದ್ದು.

ದೊಡ್ಡತ್ತೆಗೆ ಫೋನ್ ಮಾಡಿದೆವು. ಸ್ಪೀಕರ್‌ನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಅವರು ದೊಡ್ಡಪ್ಪನಿಗೇ ಹೇಳಿದರು, "ಯಾವ ಮದುವೆ ವಾಚೋ? ಅದನ್ನ ಅಪ್ಪಾಜಿ ನಿನ್ನ ಪರೀಕ್ಷೆ ಫೀಸಿಗೆ ಅಂತ ಅಡ ಇಟ್ಟಿದ್ದು ಮರ್ತೇನು? ಬಿಡಿಸ್ಕಳಾಕೆ ಆಗ್ಲೇ ಇಲ್ಲ. ಇದು ಆಮೇಲೆ ಮಿಲ್ಲಲ್ಲಿ ಬೋನಸ್ ಕೊಟ್ಟಾಗ ತಗಂಡಿದ್ದು." ದೊಡ್ಡಪ್ಪ ಬಹಳ ಹೊತ್ತು ವಾಚನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಸ್ವಿಸ್ ವಾಚು ಆಗಿದ್ದರೆ ನೋಡಬೇಕಾದ ಜಾಗ ಬೇರೆ. ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ, ಇಲ್ಲವೇ ಅದರ ಪಕ್ಕದಲ್ಲಿ, ತಟ್ಟೆಯ ಮೇಲೆ ಒಂದು ಪುಟ್ಟ ಮುದ್ರೆ ಮತ್ತು ನಂಬರ್ ಇರುತ್ತದೆ. ಡಯಲ್ ಮೇಲೆ ಹೆಸರಿದ್ದ ಎಷ್ಟೋ ಕಂಪನಿಗಳು ಮೆಷಿನ್ ತಾವೇ ಮಾಡುತ್ತಿರಲಿಲ್ಲ. ಎ. ಶಿಲ್ಡ್, ಈಟಾ, ಎಫ್‌ಎಚ್‌ಎಫ್‌ನಂಥ ಕಾರ್ಖಾನೆಗಳಿಂದ ತರಿಸಿ ಕೂರಿಸುತ್ತಿದ್ದವು. ಬಿಡಿಭಾಗ ಹುಡುಕಲು ಬೇಕಾಗುವುದು ಆ ಮುದ್ರೆಯ ನಂಬರೇ.

ನಿಂತ ವಾಚು: ಮೊದಲು ಕೀ, ಆಮೇಲೆ ಬ್ಯಾಲೆನ್ಸ್

ಒಳಗೆ ತುಕ್ಕು ಇಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಕೀ ಗುಂಡಿಯನ್ನು ಎರಡೇ ಸುತ್ತು, ನಿಧಾನವಾಗಿ ತಿರುಗಿಸಿ. ಬೆರಳಿಗೆ ಏನು ಅನ್ನಿಸುತ್ತದೆ ಎಂಬುದರಲ್ಲಿ ಅರ್ಧ ಉತ್ತರ ಇದೆ.

ಸ್ವಲ್ಪ ಬಿಗಿ, ಕ್ರಿಕ್ ಕ್ರಿಕ್ ಸದ್ದು, ಬಿಟ್ಟರೆ ಹಿಂದೆ ತಿರುಗುವುದಿಲ್ಲ. ಹೀಗಿದ್ದರೆ ಮುಖ್ಯ ಸ್ಪ್ರಿಂಗ್ ಬದುಕಿದೆ. ಎಷ್ಟು ತಿರುಗಿಸಿದರೂ ಬಿಗಿಯೇ ಬರುವುದಿಲ್ಲ ಎಂದರೆ ಸ್ಪ್ರಿಂಗ್ ತುಂಡಾಗಿರಬಹುದು. ತಿರುಗಿಸಿದ್ದು ಬಿಟ್ಟ ಕೂಡಲೇ ಗುಂಡಿ ಗಿರ್ರನೆ ಹಿಂದೆ ಸುತ್ತಿದರೆ ಸ್ಪ್ರಿಂಗ್ ಸರಿ ಇದೆ, ಅದನ್ನು ತಡೆದು ಹಿಡಿಯುವ ಕೊಕ್ಕೆ ಕೆಟ್ಟಿದೆ. ಗುಂಡಿ ಅಲುಗದಷ್ಟು ಬಿಗಿಯಾಗಿದ್ದು ವಾಚು ಓಡದಿದ್ದರೆ 'ಕೀ ಜಾಸ್ತಿ ಆಗಿ ಕೆಟ್ಟಿದೆ' ಎನ್ನುತ್ತಾರೆ. ಈ ಮಾತನ್ನು ನಂಬಬೇಡಿ. ಕೀ ಪೂರ್ತಿ ಆಗಿರುವುದು ದೋಷ ಅಲ್ಲ. ಸ್ಪ್ರಿಂಗಿನ ಬಲ ಮುಂದಿನ ಚಕ್ರಗಳಿಗೆ ತಲುಪುತ್ತಿಲ್ಲ, ಅದು ದೋಷ. ಬಹುತೇಕ ಒಣಗಿದ ಎಣ್ಣೆಯೇ ಕಾರಣ.

ಇಲ್ಲಿ ಒಂದು ಕಡೆ ಮಾತ್ರ ಹುಷಾರು. ಚಿತ್ರದುರ್ಗದಲ್ಲಿರುವ ನಮ್ಮ ಸೋದರಮಾವ ತಮ್ಮ ಎಚ್‌ಎಂಟಿ ಕಾಂಚನ್ ತಂದು, 'ಸ್ಪ್ರಿಂಗ್ ಹೋಗಿದೆ ಕಣಪ್ಪಾ, ಕೀ ತಿರುಗ್ತಾನೇ ಇರುತ್ತೆ' ಎಂದರು. ಸ್ಪ್ರಿಂಗ್ ಹೋಗಿರಲಿಲ್ಲ. ಕಾಂಚನ್ ಆಟೋಮ್ಯಾಟಿಕ್. ಕೈ ಅಲುಗಾಟಕ್ಕೆ ತಾನೇ ಕೀ ತುಂಬಿಕೊಳ್ಳುವ ವಾಚು. ಅಂಥವುಗಳಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಒಳಗೆ ಜಾರುವಂತೆ ಮಾಡಿರುತ್ತಾರೆ. ಕೀ ಎಂದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಮುಚ್ಚಳ ತೆಗೆದರೆ ಅರ್ಧಚಂದ್ರದ ಹಾಗಿನ ತೂಕದ ಲೋಹ ತಿರುಗುವುದು ಕಾಣುತ್ತದೆ. ವಾಚು ಯಾವುದು ಎಂದು ಗೊತ್ತಿಲ್ಲದೆ ದೋಷ ಹೇಳಬಾರದು ಎನ್ನುವುದು ಇದಕ್ಕೇ.

ಇನ್ನು ಬ್ಯಾಲೆನ್ಸ್. ಮೆಷಿನ್ ಮೇಲೆ ಆಚೆ ಈಚೆ ತಿರುಗುವ ಚಕ್ರ ಅದು. ಅದರ ನಡುವೆ ಹಾವು ಸುತ್ತಿಕೊಂಡ ಹಾಗಿರುವುದು ಹೇರ್ ಸ್ಪ್ರಿಂಗ್. ವಾಚನ್ನು ಅಂಗೈ ಮೇಲೆ ಮಲಗಿಸಿ, ಮಲಗಿಸಿದ ಹಾಗೆಯೇ ಮಣಿಕಟ್ಟನ್ನು ಚಕ್ಕನೆ ಸ್ವಲ್ಪ ತಿರುಗಿಸಿ. ಬ್ಯಾಲೆನ್ಸ್ ಸಲೀಸಾಗಿ ಆಡಿ, ಕೆಲವು ಸೆಕೆಂಡು ಬಡಿದು ನಿಂತರೆ ಅಚ್ಚು ಸರಿ ಇದೆ, ಬಲ ಬರುತ್ತಿಲ್ಲ. ಒಂದು ಕಡೆ ವಾಲಿ ಕುಂಟುತ್ತಾ ತಿರುಗಿದರೆ, ಇಲ್ಲವೇ ಡಯಲ್ ಮೇಲೆ ಮಾಡಿದಾಗ ಆಡಿ, ಕೆಳಗೆ ಮಾಡಿದಾಗ ಸಿಕ್ಕಿಕೊಂಡರೆ ಅಚ್ಚಿನ ತುದಿ ಮುರಿದಿರಬಹುದು. ಆ ತುದಿಯ ದಪ್ಪ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ವಾಚು ಕೈ ಜಾರಿ ಬಿದ್ದರೆ ಮೊದಲು ಹೋಗುವುದು ಅದೇ. ಪ್ಯಾರಾಶಾಕ್, ಇನ್ಕಾಬ್ಲಾಕ್ ಇರುವುದು ಅದನ್ನು ಉಳಿಸಲಿಕ್ಕೆ.

ನಮ್ಮದರಲ್ಲಿ ಕೀ ಬಿಗಿಯಾಗಿತ್ತು. ಬ್ಯಾಲೆನ್ಸ್ ನೇರವಾಗಿ ಆಡಿ ಐದಾರು ಸೆಕೆಂಡಿಗೆ ನಿಂತಿತು. ಮುರಿದದ್ದು ಏನೂ ಇಲ್ಲ, ಎಣ್ಣೆ ಒಣಗಿದೆ ಎಂದು ಬರೆದುಕೊಂಡೆ. ಅಷ್ಟರ ಮಟ್ಟಿಗೆ ಸರಿ ಇತ್ತು.

ಓಡಿತು, ಆದರೆ ತಾಸಿಗೆ 20 ನಿಮಿಷ ಮುಂದೆ

ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅರ್ಧ ಗಂಟೆಯಲ್ಲಿ ವಾಪಸ್ ಬಂತು. ಓಡುತ್ತಿತ್ತು! ಮನೆಯಲ್ಲಿ ಎಲ್ಲರೂ ಕಿವಿಗೆ ಹಿಡಿದು ಕೇಳಿದ್ದೇ ಕೇಳಿದ್ದು. ಅರ್ಧ ಗಂಟೆಯಲ್ಲಿ ಸರ್ವಿಸ್ ಆಗಲು ಸಾಧ್ಯವಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಸರ್ವಿಸ್ ಎಂದರೆ ಪ್ರತಿ ಭಾಗ ಬಿಚ್ಚಿ, ತೊಳೆದು, ಒಣಗಿಸಿ, ಸೂಜಿ ಮೊನೆಯಷ್ಟು ಹೊಸ ಎಣ್ಣೆ ಇಡುವುದು. ಇಲ್ಲಿ ಆಗಿದ್ದು ಹಳೇ ಅಂಟಿನ ಮೇಲೆಯೇ ಹೊಸ ಎಣ್ಣೆ ಬಿಟ್ಟದ್ದು.

ಮೂರನೇ ದಿನ ವಾಚು ಹುಚ್ಚು ಹಿಡಿದ ಹಾಗೆ ಓಡಲು ಶುರು ಮಾಡಿತು. ತಾಸಿಗೆ 20 ನಿಮಿಷ ಮುಂದೆ. ದಿನಕ್ಕೆ ಒಂದೆರಡು ನಿಮಿಷ ಹೆಚ್ಚುಕಡಿಮೆ ಆದರೆ ಕಡ್ಡಿ ಸರಿಸಿ ಸರಿ ಮಾಡಬಹುದು. ತಾಸಿಗೆ 20 ನಿಮಿಷ ಎಂದರೆ ಕಡ್ಡಿಯ ಮಾತಲ್ಲ. ಹೇರ್ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ಬಹುತೇಕ ಅರ್ಥ. ಅಂಟಿದಾಗ ಸ್ಪ್ರಿಂಗ್ ಗಿಡ್ಡವಾದ ಹಾಗೆ. ಗಿಡ್ಡ ಸ್ಪ್ರಿಂಗ್ ಬೇಗ ಬೇಗ ಬಡಿಯುತ್ತದೆ.

ಅಂಟುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು ಅಯಸ್ಕಾಂತ, ಇನ್ನೊಂದು ಎಣ್ಣೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಾನು ಅಯಸ್ಕಾಂತ ಎಂದೇ ತೀರ್ಮಾನಿಸಿಬಿಟ್ಟೆ. ರಾತ್ರಿ ವಾಚನ್ನು ಸ್ಪೀಕರ್ ಪಕ್ಕ ಇಟ್ಟಿದ್ದೆ, ಅದೇ ಕಾರಣ ಎಂದು ಮನಸ್ಸು ಹೇಳಿತು. ಅಯಸ್ಕಾಂತ ಇಳಿಸುವ ಪುಟ್ಟ ಯಂತ್ರವನ್ನೂ ತರಿಸಿದೆ. ಮೂರು ಸಲ ಹಿಡಿದೆ. ಏನೂ ಬದಲಾಗಲಿಲ್ಲ.

ಯಂತ್ರ ತರಿಸುವ ಮೊದಲು ಮಾಡಬೇಕಿದ್ದ ಪರೀಕ್ಷೆ ಇದು. ಮಕ್ಕಳ ಚಿಕ್ಕ ದಿಕ್ಸೂಚಿ ಸಾಕು. ಅದನ್ನು ಮೇಜಿನ ಮೇಲೆ ಇಟ್ಟು, ವಾಚನ್ನು ಪಕ್ಕಕ್ಕೆ ತಂದು ನಿಧಾನವಾಗಿ ಸುತ್ತ ತಿರುಗಿಸಿ. ವಾಚಿನಲ್ಲಿ ಉಕ್ಕು ಇರುವುದರಿಂದ ಸೂಜಿ ಸ್ವಲ್ಪ ಎಳೆದರೆ ಅದು ಸಹಜ. ವಾಚಿನ ಒಂದು ಬದಿ ಸೂಜಿಯ ತುದಿಯನ್ನು ಎಳೆದು, ಇನ್ನೊಂದು ಬದಿ ಅದೇ ತುದಿಯನ್ನು ದೂಡಿದರೆ ಮಾತ್ರ ಅಯಸ್ಕಾಂತ ಹಿಡಿದಿದೆ. ನಮ್ಮದು ದೂಡಲಿಲ್ಲ. ಆಮೇಲೆ ಲೆನ್ಸ್ ಹಿಡಿದು ಹೇರ್ ಸ್ಪ್ರಿಂಗ್ ನೋಡಿದೆ. ಹೊರಗಿನ ಎರಡು ಸುರುಳಿಗಳ ನಡುವೆ ಎಣ್ಣೆ ಒಂದು ತೆಳು ಪರದೆಯ ಹಾಗೆ ಹೊಳೆಯುತ್ತಿತ್ತು. ಮೊದಲೇ ಕಣ್ಣಿನಿಂದ ನೋಡಿದ್ದರೆ ಹದಿನೈದು ದಿನ ಉಳಿಯುತ್ತಿತ್ತು.

ಮಿಲ್ಲಿನ ಹತ್ತಿ

ಮಂಡಿಪೇಟೆ ಕಡೆ ಒಬ್ಬ ಹಿರಿಯರು ಈಗಲೂ ಕೀ ವಾಚುಗಳನ್ನು ಬಿಚ್ಚಿ ಮಾಡುತ್ತಾರೆ. ಅವರ ಎದುರು ವಾಚು ಇಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಕಣ್ಣಿಗೆ ಲೆನ್ಸ್ ಸಿಕ್ಕಿಸಿ ಬಹಳ ಹೊತ್ತು ನೋಡಿದರು. "ಇವರು ಮಿಲ್ಲಲ್ಲಿ ಇದ್ರೇನು?" ಎಂದು ಕೇಳಿದರು. ನನಗೆ ಆಶ್ಚರ್ಯ. ಅವರು ಚಿಮಟದ ತುದಿ ತೋರಿಸಿದರು. ಒಂದು ಪುಟ್ಟ ಹಲ್ಲುಚಕ್ರದ ಬುಡಕ್ಕೆ ಹತ್ತಿಯ ಎಳೆ ಸುತ್ತಿಕೊಂಡಿತ್ತು. ಎಣ್ಣೆಯಲ್ಲಿ ನೆನೆದು ಕಪ್ಪಗಾಗಿತ್ತು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ವಾಚು ಅದು. ನೂಲುವ ವಿಭಾಗದಲ್ಲಿ ಗಾಳಿ ತುಂಬ ಹತ್ತಿ ಹಾರುತ್ತಿತ್ತಂತೆ. ಕೀ ಗುಂಡಿಯ ಸಂದಿನಿಂದ, ಸಡಿಲವಾದ ಮುಚ್ಚಳದಿಂದ ಎಳೆ ಒಳಗೆ ಹೋಗುತ್ತದೆ. ಮಿಲ್ಲಿನವರ ವಾಚುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ ಎಂದರು ಅವರು. ಎಳೆಯಿಂದ ನಿಲ್ಲುವ ವಾಚಿಗೆ ಒಂದು ಗುಣ ಇದೆ. ಹೊತ್ತು ಗೊತ್ತು ಇಲ್ಲದೆ ನಿಲ್ಲುತ್ತದೆ, ತಟ್ಟಿದರೆ ಮತ್ತೆ ಓಡುತ್ತದೆ. ನಿಮ್ಮ ವಾಚು ಹಾಗೆ ಮಾಡುತ್ತಿದ್ದರೆ, ತೊಟ್ಟವರು ಯಾವ ಕೆಲಸದಲ್ಲಿದ್ದರು ಎಂದು ಕೇಳಿ ತಿಳಿದುಕೊಳ್ಳಿ. ಚಿತ್ರದುರ್ಗದ ಮಾವನ ವಾಚಿನಲ್ಲಿ ಎಳೆ ಇರಲಿಲ್ಲ, ತುಕ್ಕೂ ಇರಲಿಲ್ಲ. ಅಲ್ಲಿಯ ಒಣ ಹವೆಗೆ ಎಣ್ಣೆ ಮಾತ್ರ ಪೂರ್ತಿ ಅರಗಿನ ಹಾಗೆ ಗಟ್ಟಿಯಾಗಿತ್ತು. ಕರಾವಳಿಯಿಂದ ಬಂದ ವಾಚಾದರೆ ಮೊದಲು ತುಕ್ಕು ಹುಡುಕಿ. ಕೀ ಕೊಡುವ ಕಡ್ಡಿಯಲ್ಲೇ ಅದು ಶುರುವಾಗುತ್ತದೆ.

ಅರಗು ಎಂದಾಗ ನೆನಪಾಯಿತು. ಮನೆಯಲ್ಲೇ ತೊಳೆಯುತ್ತೇನೆ ಎಂದು ಹೊರಡುವವರಿಗೆ ಈ ಮಾತು. ವಾಚಿನ ಒಳಗೆ ಎರಡು ಕಡೆ ಕೆಂಪು ಕಲ್ಲುಗಳನ್ನು ನಿಜವಾದ ಅರಗಿನಿಂದಲೇ ಅಂಟಿಸಿರುತ್ತಾರೆ: ಕವೆಯಂಥ ಪ್ಯಾಲೆಟ್‌ನಲ್ಲಿ ಮತ್ತು ಬ್ಯಾಲೆನ್ಸ್ ಅಡಿಯಲ್ಲಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರಿನಲ್ಲಿರುವುದೂ ಅದೇ ಜಾತಿಯದು. ಅದರಲ್ಲಿ ನೆನೆಸಿಟ್ಟರೆ ಕಲ್ಲು ಕಳಚಿ ಬೀಳುತ್ತದೆ. ಹಿರಿಯರು ತೊಳೆದದ್ದು ಪೆಟ್ರೋಲಿನಲ್ಲಿ. ಅದಕ್ಕೆ ಅರಗು ಕರಗುವುದಿಲ್ಲ. ಬೆಂಕಿಯ ಭಯ ಇರುವುದರಿಂದ ಅಡುಗೆಮನೆಯಲ್ಲಂತೂ ಅದನ್ನು ಮಾಡಲೇಬೇಡಿ.

ಆರು ಗಂಟೆಗೆ ನಿಲ್ಲುವುದು

ಸರ್ವಿಸ್ ಆದ ಮೇಲೆ ವಾಚು ಚೆನ್ನಾಗಿ ಓಡಿತು. ಆದರೆ ಎರಡು ದಿನಕ್ಕೊಮ್ಮೆ ಆರು ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಬೇರೆ ಹೊತ್ತಿನಲ್ಲಿ ಇಲ್ಲ. ಒಂದೇ ಹೊತ್ತಿಗೆ ನಿಲ್ಲುವ ವಾಚಿನ ದೋಷ ಬಹುತೇಕ ಡಯಲ್ ಕಡೆಯದು. ನಿಂತ ಸಮಯಗಳನ್ನು ಬರೆದಿಡಿ.

ಎರಡು ಮುಳ್ಳುಗಳು ಒಂದರ ಮೇಲೊಂದು ಬರುವುದು 12 ಗಂಟೆಯಲ್ಲಿ 11 ಸಲ. 12 ಗಂಟೆಗೆ ಸರಿಯಾಗಿ, ಆಮೇಲೆ ಸುಮಾರು 1:05, 2:11, 3:16, 4:22, 5:27, 6:33, 7:38, 8:44, 9:49, 10:55ಕ್ಕೆ. ನೀವು ಬರೆದ ಸಮಯಗಳು ಇವುಗಳಿಗೆ ಹೊಂದಿದರೆ ಮುಳ್ಳು ಮುಳ್ಳಿಗೆ ತಾಗುತ್ತಿದೆ. ತಾರೀಖು ತೋರಿಸುವ ವಾಚು ನಡುರಾತ್ರಿ ಹೊತ್ತಿಗೆ ನಿಂತರೆ ತಾರೀಖು ಬದಲಿಸುವಷ್ಟು ಬಲ ಉಳಿದಿಲ್ಲ. ನಮ್ಮದಕ್ಕೆ ತಾರೀಖು ಇಲ್ಲ. ನಿಂತ ಸಮಯಗಳು 5:50, 6:05, 6:12. ಮುಳ್ಳುಗಳು ಕೂಡುವ ಹೊತ್ತು ಅಲ್ಲ. ಹಾಗಾದರೆ ಗಂಟೆ ಮುಳ್ಳು ಆರರ ಹತ್ತಿರ ಬೇರೆ ಏನಕ್ಕೋ ತಾಗುತ್ತಿದೆ. ಓರೆ ಬೆಳಕಿನಲ್ಲಿ ನೋಡಿದರೆ ಆರರ ಅಂಕಿಯ ಮೇಲೆ ಬಿಲ್ಲಿನಾಕಾರದ ಸಣ್ಣ ಗೀರು. ಡಯಲನ್ನು ಮೆಷಿನ್‌ಗೆ ಹಿಡಿಸುವ ಕೆಳಗಿನ ಪುಟ್ಟ ಕಾಲು ಬಾಗಿ ಆ ಕಡೆ ಡಯಲ್ ಕೂದಲೆಳೆಯಷ್ಟು ಎದ್ದಿತ್ತು. ಹಿರಿಯರು ಕಾಲನ್ನು ನೆಟ್ಟಗೆ ಮಾಡಿ ಕೂರಿಸಿದರು. ಐದು ನಿಮಿಷದ ಕೆಲಸ.

ಆಗಲೇ ಕೇಳಿದರು, "ಡಯಲ್‌ಗೆ ಹೊಸ ಬಣ್ಣ ಹಾಕಿಸ್ಲೇನು?" ಬೇಡ ಎಂದೆ. ಇದು ಯಾವ ವಾಚು ಎಂದು ತಿಳಿಯಲು ಮೊದಲು ದಾರಿ ತೋರಿಸಿದ್ದು ಆ ಕಲೆಗಳ ನಡುವೆ ಉಳಿದ ಕೆಲವೇ ಅಕ್ಷರಗಳು.

ನಾನು ಕಾಣದೆ ಕೇಳಿ ತಿಳಿದ ಎರಡು ಲಕ್ಷಣಗಳನ್ನೂ ಹೇಳಿಬಿಡುತ್ತೇನೆ. ಸೆಕೆಂಡು ಮುಳ್ಳು ಓಡುತ್ತಿದೆ, ಗಂಟೆ ನಿಮಿಷದ ಮುಳ್ಳು ಹಿಂದೆ ಬೀಳುತ್ತಿದೆ ಎಂದರೆ ನಿಮಿಷದ ಮುಳ್ಳು ಹೊರುವ ಕೊಳವೆ ಸಡಿಲವಾಗಿದೆ. ಟೈಮ್ ತಿರುಗಿಸುವಾಗ ಮುಳ್ಳು ತೀರಾ ಹಗುರವಾಗಿ ತಿರುಗುವುದೂ ಅದರದೇ ಗುರುತು. ಕೀ ಗುಂಡಿ ಎಳೆದರೆ ಕಡ್ಡಿ ಸಮೇತ ಕೈಗೇ ಬಂದರೆ ಹೆದರಬೇಡಿ, ಬಹಳ ಸಲ ಅದು ಒಂದು ಸ್ಕ್ರೂ ಸಡಿಲವಾದದ್ದು. ಕಡ್ಡಿಯನ್ನು ಕಳೆಯದೆ ಕಾಗದದಲ್ಲಿ ಮಡಚಿಟ್ಟುಕೊಳ್ಳಿ.

ಈಗ ಹೇಗಿದೆ

ಎಚ್‌ಎಂಟಿ ಜನತಾ, ಪೈಲಟ್ ವಾಚುಗಳ ಹಾಗೆ ಇದೂ ತಾಸಿಗೆ 18,000 ಸಲ ಬಡಿಯುವ ಮೆಷಿನ್. ಸೆಕೆಂಡಿಗೆ ಐದು. ಮೊಬೈಲಿನ ಮೈಕ್ ಹತ್ತಿರ ಇಟ್ಟು ಬಡಿತ ಅಳೆಯುವ ಆ್ಯಪ್‌ಗಳಿವೆ. ಅದಿಲ್ಲದಿದ್ದರೂ ಚಿಂತೆ ಇಲ್ಲ. ಬೆಳಿಗ್ಗೆ ಮೊಬೈಲ್ ಟೈಮಿಗೆ ಸರಿ ಮಾಡಿ, ಮರುದಿನ ಅದೇ ಹೊತ್ತಿಗೆ ಎಷ್ಟು ಬದಲಾಗಿದೆ ಎಂದು ಒಂದು ವಾರ ಬರೆಯಿರಿ. ನಮ್ಮದು ದಿನಕ್ಕೆ 40 ಸೆಕೆಂಡು ಮುಂದೆ ಇದೆ. ಅಷ್ಟು ವಯಸ್ಸಿನ ವಾಚಿಗೆ ಇದು ಸಾಕು ಎಂದು ಹಿರಿಯರು ಕಡ್ಡಿ ಮುಟ್ಟಲಿಲ್ಲ. ಮುಚ್ಚಳ ಹಾಕುವ ಮೊದಲು 81ರ ಗೀರಿನ ಕೆಳಗೆ ತಾವೂ ತಿಂಗಳು, ವರ್ಷ ಗೀರಿದರು.

ಒಂದು ದೋಷ ಇನ್ನೂ ಉಳಿದಿದೆ. ಕೀ ಗುಂಡಿಯ ಹಲ್ಲು ಸವೆದು ನುಣ್ಣಗಾಗಿದೆ. ದೊಡ್ಡಪ್ಪನಿಗೆ ಬೆಳಿಗ್ಗೆ ಕೀ ಕೊಡುವಾಗ ಬೆರಳು ಜಾರುತ್ತದೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಸರ್ಕಾರ ಒಪ್ಪಿದ್ದು 2016ರಲ್ಲಿ. ಹೊಸ ಬಿಡಿಭಾಗ ಹಳೇ ಅಂಗಡಿಗಳ ಡಬ್ಬಿಯಲ್ಲಿ ಉಳಿದದ್ದಷ್ಟೇ. ಇದೇ ಅಳತೆಯ ಗುಂಡಿ ಸಿಗುವವರೆಗೆ ದೊಡ್ಡಪ್ಪ ಒಣ ಬಟ್ಟೆ ಹಿಡಿದು ಕೀ ಕೊಡುತ್ತಿದ್ದಾರೆ.